‘ಇನ್ ಪರ್ಸನ್’ ಬರುವವರು ಮುಖವಾಡ ಹಾಕಿಕೊಂಡಿರುತ್ತಾರೆಯೇ?

ಪ್ರಶ್ನೆ: ಇಂಗ್ಲಿಷಿನಲ್ಲಿ ಖುದ್ದಾಗಿ ಬರುವುದಕ್ಕೆ ‘ಇನ್ ಪರ್ಸನ್’ ಎನ್ನುತ್ತಾರೆ. ಆದರೆ ‘ಪರ್ಸನ್’ ಎಂಬ ಪದ ಮುಖವಾಡದಿಂದ ಬಂದದ್ದು, ‘ದನಿ ತೂರಿಬರುವ ವಸ್ತು’ ಎಂಬುದು ಅದರ ಮೂಲಾರ್ಥ ಎಂದು ವ್ಯಕ್ತಿತ್ವ ವಿಕಸನ ಶಿಬಿರವೊಂದರಲ್ಲಿ ಕೇಳಿದೆ. ಮುಖವಾಡ ಹಾಕಿಕೊಂಡು ಖುದ್ದಾಗಿ ಬರುವುದು ಹೇಗೆ?

ಉತ್ತರ: ವ್ಯಕ್ತಿತ್ವ ವಿಕಸನ ಶಿಬಿರಗಳು ಇರುವವರೆಗೆ ಈ ಪ್ರಶ್ನೆಗೆ ಸಾವಿಲ್ಲ. ಇನ್ನೊಮ್ಮೆ ಹೇಳುತ್ತೇನೆ.

ಲ್ಯಾಟಿನ್ ಭಾಷೆಯ ‘ಪೆರ್ಸೋನಾ’ ಎಂದರೆ ಮುಖವಾಡ. ಅಲ್ಲಿಯವರೆಗೆ ಶಿಬಿರದವರು ಹೇಳಿದ್ದು ಸರಿ. ಆಮೇಲೆ ಅವರು ಪದವನ್ನು ಎರಡು ಹೋಳು ಮಾಡುತ್ತಾರೆ: ‘ಪೆರ್’ ಎಂದರೆ ಮೂಲಕ, ‘ಸೊನಾರೆ’ ಎಂದರೆ ದನಿ ಹೊರಡುವುದು, ನಟನ ದನಿ ಮುಖವಾಡದ ಬಾಯಿಯಿಂದ ತೂರಿಬರುವುದರಿಂದ ಅದು ಪೆರ್ಸೋನಾ. ಸಭೆ ಚಪ್ಪಾಳೆ ತಟ್ಟುತ್ತದೆ. ಕಥೆ ಚೆನ್ನಾಗಿದೆ, ಹಳೆಯದೂ ಹೌದು. ಗೇವಿಯಸ್ ಬಾಸಸ್ ಎಂಬ ರೋಮನ್ ಪಂಡಿತ ಇದನ್ನು ಬರೆದಿಟ್ಟ; ಕ್ರಿ.ಶ. 2ನೆಯ ಶತಮಾನದಲ್ಲಿ ಔಲಸ್ ಗೆಲಿಯಸ್ ಅದನ್ನು ಮೆಚ್ಚಿ ಉದ್ಧರಿಸಿದ. 6ನೆಯ ಶತಮಾನದ ಹೊತ್ತಿಗೆ ಬೊಯೇಥಿಯಸ್‌ನಂಥ ದಾರ್ಶನಿಕನೂ ಅದನ್ನೇ ಹೇಳಿದ. ಇಷ್ಟು ದೊಡ್ಡವರು ಹೇಳಿದ ಮೇಲೆ ಶಿಬಿರದವರನ್ನು ಬೈದು ಏನು ಫಲ!

ಆದರೂ ಅದು ತಪ್ಪು. ಏಕೆಂಬುದನ್ನು ಇಂಗ್ಲಿಷರಿಗಿಂತ ಕನ್ನಡಿಗರಿಗೆ ತಿಳಿಸುವುದು ಸುಲಭ, ನಮ್ಮ ಲಿಪಿಯಲ್ಲಿ ಒ ಬೇರೆ, ಓ ಬೇರೆ. ಮೇಲಿನ ಎರಡು ಪದಗಳನ್ನು ಮತ್ತೊಮ್ಮೆ ಓದಿ. ‘ಪೆರ್ಸೋನಾ’ದಲ್ಲಿರುವುದು ದೀರ್ಘ ಓಕಾರ, ‘ಸೊನಾರೆ’ಯಲ್ಲಿರುವುದು ಹ್ರಸ್ವ. ಲ್ಯಾಟಿನ್ ಕವಿಗಳು ಮಾತ್ರೆ ಎಣಿಸಿ ಪದ್ಯ ಕಟ್ಟುತ್ತಿದ್ದವರು; ಅವರ ಛಂದಸ್ಸಿನಲ್ಲಿ ಈ ಎರಡು ಸ್ವರಗಳು ಬೆರೆಯುವುದಿಲ್ಲ. ‘ಕೊಡು’ ಎಂಬ ಕ್ರಿಯಾಪದದಿಂದ ದನದ ‘ಕೋಡು’ ಬಂತು ಎಂದು ಯಾರಾದರೂ ಹೇಳಿದರೆ ಪ್ರಾಥಮಿಕ ಶಾಲೆಯ ಮಗುವೂ ನಗುತ್ತದೆ. ಲ್ಯಾಟಿನ್ನನ್ನು ದೀರ್ಘದ ಗುರುತಿಲ್ಲದೆ ಅಚ್ಚುಹಾಕುವುದರಿಂದ ಆ ನಗು ಯಾರಿಗೂ ಬರುತ್ತಿಲ್ಲ, ಅಷ್ಟೆ.

ಪದ ಬಂದದ್ದಾದರೂ ಎಲ್ಲಿಂದ? ಹೆಚ್ಚಿನ ವಿದ್ವಾಂಸರು ಬೊಟ್ಟುಮಾಡುವುದು ರೋಮನ್ನರ ನೆರೆಯವರಾಗಿದ್ದ ಎಟ್ರಸ್ಕನ್ನರ ಕಡೆಗೆ. ಇಟಲಿಯ ತಾರ್ಕ್ವೀನಿಯಾದಲ್ಲಿ ಕ್ರಿ.ಪೂ. 6ನೆಯ ಶತಮಾನದ ಒಂದು ಸಮಾಧಿ ಇದೆ. ಅದರ ಗೋಡೆಚಿತ್ರದಲ್ಲಿ ಒಬ್ಬನ ತಲೆಗೆ ಚೀಲ ಕವುಚಿದೆ, ಕೈಯಲ್ಲಿ ದೊಣ್ಣೆ. ನಾಯಿಯೊಂದು ಅವನನ್ನು ಕಚ್ಚುತ್ತಿದೆ. ನಾಯಿಯ ಹಗ್ಗ ಹಿಡಿದವನು ಗಡ್ಡದ ಮುಖವಾಡ ತೊಟ್ಟ ಇನ್ನೊಬ್ಬ. ಈ ಮುಖವಾಡದವನ ಪಕ್ಕದಲ್ಲಿ ಬರೆದಿರುವ ಪದ ‘ಫೆರ್ಸು’. ರೋಮಿಗೆ ನಟರು ಮೊದಲು ಬಂದದ್ದೂ ಎಟ್ರೂರಿಯಾದಿಂದಲೇ, ಕ್ರಿ.ಪೂ. 364ರಲ್ಲಿ, ಊರಿಗೆ ಸಾಂಕ್ರಾಮಿಕ ರೋಗ ತಗುಲಿದ್ದಾಗ, ದೇವತೆಗಳನ್ನು ಒಲಿಸಿಕೊಳ್ಳಲು ಎಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ವೇಷದವರು ಬಂದಲ್ಲಿಗೆ ವೇಷದ ಹೆಸರೂ ಬರುತ್ತದೆ. ಎಟ್ರಸ್ಕನ್ ಭಾಷೆಗೂ ಲ್ಯಾಟಿನ್ನಿಗೂ ರಕ್ತಸಂಬಂಧವಿಲ್ಲ. ಅದರ ಪದವನ್ನು ಲ್ಯಾಟಿನ್ ಚಾಕುವಿನಿಂದ ಹೋಳು ಮಾಡಿದರೆ ಸಿಗುವುದು ಬರೀ ಕಥೆ. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂದಾಯಿತು ಎನ್ನುವವರ ಮುಂದೆ, ಆ ದೊರೆ ಹುಟ್ಟುವ ಮೊದಲೇ, ಸುಮಾರು 890ರ ಬೇಗೂರು ಶಾಸನದಲ್ಲಿ ‘ಬೆಂಗಳೂರು’ ಎಂದೇ ಇರುವುದನ್ನು ಎಷ್ಟು ಸಲ ಹೇಳಿದ್ದೇವೆ!

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮುಖವಾಡದಿಂದ ಪದ ‘ಪಾತ್ರ’ಕ್ಕೆ ಜಾರಿತು, ರಂಗಸ್ಥಳದಿಂದ ನ್ಯಾಯಾಲಯಕ್ಕೂ ನಡೆಯಿತು. ‘ನಾನೊಬ್ಬನೇ ಮೂರು ಪೆರ್ಸೋನಾ ಹೊರುತ್ತೇನೆ: ನನ್ನದು, ಎದುರಾಳಿಯದು, ನ್ಯಾಯಾಧೀಶರದು’ ಎಂದು ರೋಮನ್ ವಾಗ್ಮಿ ಸಿಸೆರೊನ ಕೃತಿಯೊಂದರಲ್ಲಿ ವಕೀಲನೊಬ್ಬ ತನ್ನ ಪೂರ್ವತಯಾರಿಯನ್ನು ವಿವರಿಸುತ್ತಾನೆ. ಪಾತ್ರ ಹೊರುವವನೇ ಕ್ರಮೇಣ ‘ಪರ್ಸನ್’ ಆದ. ಕೋರ್ಟಿನ ಲ್ಯಾಟಿನ್ನಿನಲ್ಲಿ ‘ಇನ್ ಪ್ರೋಪ್ರಿಯಾ ಪೆರ್ಸೋನಾ’ ಎಂದರೆ ಕಕ್ಷಿದಾರ ವಕೀಲನನ್ನು ಮುಂದೆ ಬಿಡದೆ ತನ್ನ ಪಾತ್ರದಲ್ಲಿ ತಾನೇ ನಿಲ್ಲುವುದು. ಹಾಗಾಗಿ ‘ಇನ್ ಪರ್ಸನ್’ಗೆ ಅಲ್ಲಿ ಎದುರಾಗಿದ್ದದ್ದು ವಕೀಲ ಅಥವಾ ಪ್ರತಿನಿಧಿ, ‘ಆನ್‌ಲೈನ್’ ಆ ಜಾಗಕ್ಕೆ ಬಂದದ್ದು ಮೊನ್ನೆ ಮೊನ್ನೆ. ಮುಖವಾಡ ಇದ್ದರೂ ಅದು ನಿಮ್ಮದೇ, ಬಾಡಿಗೆಯದಲ್ಲ. ನಮ್ಮ ಕೋರ್ಟಿನ ಸಮನ್ಸಿನಲ್ಲೂ ಈ ಜೋಡಿ ಇದೆ: ‘ಖುದ್ದಾಗಿ ಅಥವಾ ವಕೀಲರ ಮುಖಾಂತರ ಹಾಜರಾಗತಕ್ಕದ್ದು’. (‘ಮುಖಾಂತರ’ದಲ್ಲಿ ಮುಖ ಇದೆಯಲ್ಲ ಎಂದು ಯಾರೂ ಹೊಸ ಕಥೆ ಕಟ್ಟಬೇಡಿ, ದಯವಿಟ್ಟು.)

ಸಮನ್ಸಿನ ‘ಖುದ್ದು’ ಪಾರಸಿಯದು, ‘ಸ್ವತಃ’ ಎಂಬ ಅರ್ಥದ ‘ಖುದ್’. ‘ಹಾಜರು’ ಅರಬ್ಬಿಯದು. ಹಾಗಾದರೆ ಆ ಕೋರ್ಟಿನಲ್ಲೇ ನಿಲ್ಲುವ ‘ಸಾಕ್ಷಿ’? ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ಪುರಾಣದವರು ‘ಸಾಕ್ಷಾತ್ ಪರಶಿವನೇ ಬಂದ’ ಎನ್ನುತ್ತಾರಲ್ಲ, ಆ ‘ಸಾಕ್ಷಾತ್’ನಲ್ಲಿ ಇರುವುದು ಕಣ್ಣು, ಅಕ್ಷ: ಕಣ್ಣಿಗೆ ಕಾಣುವಂತೆ, ಕಣ್ಣೆದುರಿಗೆ. ಅದೇ ‘ಸಾಕ್ಷಾತ್’ನಿಂದ ‘ನೋಡಿದವನು’ ಎಂಬ ಅರ್ಥದಲ್ಲಿ ‘ಸಾಕ್ಷಿ’ ಸಿದ್ಧವಾಗುತ್ತದೆ ಎಂದು ಪಾಣಿನಿ ಒಂದು ಸೂತ್ರವನ್ನೇ ಮಾಡಿದ್ದಾನೆ: ಸಾಕ್ಷಾದ್ ದ್ರಷ್ಟರಿ ಸಂಜ್ಞಾಯಾಮ್. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯ, ಎರಡನೆಯ ಪಾದ, 91ನೆಯ ಸೂತ್ರ. ಇಲ್ಲಿ ಮಾತ್ರ ಪದವನ್ನು ಬಿಡಿಸಿ ನೋಡಲು ನನ್ನ ಅಭ್ಯಂತರವಿಲ್ಲ. ಬಿಡಿಸಿದವನು ವ್ಯಾಕರಣ ಬಲ್ಲವನು.