ಪರದೆಯ ಮೇಲಿನ ಉಪಕರಣವೂ ತಪ್ಪು ತೋರಿಸಲಿ

ಬಿಎಸ್ಸಿ ಪ್ರಾಕ್ಟಿಕಲ್ ಬ್ಯಾಚಿನಲ್ಲಿ ಇಪ್ಪತ್ತು ಮಂದಿ, ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಒಂದೇ. ಒಬ್ಬೊಬ್ಬರಿಗೆ ಸಿಗುವುದು ಕೆಲವು ನಿಮಿಷ. ದ್ರಾವಣ ತುಂಬಿದ ಪುಟ್ಟ ಪಾರದರ್ಶಕ ಪಾತ್ರೆ, ಅಂದರೆ ಕ್ಯೂವೆಟ್ ಇಟ್ಟು, ಬಟನ್ ಒತ್ತಿ, ಅಂಕಿ ಬರೆದುಕೊಂಡು ಜಾಗ ಬಿಡಬೇಕು. ಪೆಟ್ಟಿಗೆಯೊಳಗೆ ಏನಾಯಿತು ಎಂದು ವೈವಾದಲ್ಲಿ ಕೇಳಿದರೆ ಬಹಳಷ್ಟು ಮಂದಿ ತಲೆ ತಗ್ಗಿಸುತ್ತಾರೆ. ಅದು ಅವರ ತಪ್ಪಲ್ಲ. ಒಳಗಿನದ್ದನ್ನು ನಾವು ತೋರಿಸಿಯೇ ಇಲ್ಲ.

ಸಿಮ್ಯುಲೇಶನ್ ನೆರವಿಗೆ ಬರುವುದು ಇಲ್ಲೇ. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಫೆಟ್ ಎಂಬ ಸಿಮ್ಯುಲೇಶನ್ ಯೋಜನೆಯಲ್ಲಿ, ಸಾರತೆ ಹೆಚ್ಚಿದಷ್ಟೂ ಬೆಳಕಿನ ಹೀರುವಿಕೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎನ್ನುವ ಬಿಯರ್ ನಿಯಮದ ಪ್ರಯೋಗ ಉಚಿತವಾಗಿ ಸಿಗುತ್ತದೆ. ಸಾರತೆ, ಕ್ಯೂವೆಟ್‌ನ ಅಗಲ, ತರಂಗಾಂತರ ಮೂರನ್ನೂ ಎಳೆದು ಬದಲಿಸಿ ನೋಡಬಹುದು. ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಕೂಡ ಇದೆ. ಅದರಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಪಾಲು ಪಡೆದಿದೆ. ಆದರೆ ಇಂಥವುಗಳಲ್ಲಿ ಹೆಚ್ಚಿನವು ತೋರಿಸುವುದು ದೋಷವೇ ಇಲ್ಲದ ಉಪಕರಣವನ್ನು. ನನ್ನ ತಕರಾರು ಇರುವುದು ಅದರ ಬಗ್ಗೆ.

ಹಾಗಾಗಿ ನಾನು ವಿದ್ಯಾರ್ಥಿಗಳಿಂದಲೇ ಎಕ್ಸೆಲ್‌ನಲ್ಲಿ ಒಂದು ಪುಟ್ಟ ಸಿಮ್ಯುಲೇಶನ್ ಮಾಡಿಸುತ್ತೇನೆ. ಮೊದಲ ಕಾಲಮ್‌ನಲ್ಲಿ ನಿಜವಾದ ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರುವಿಕೆಯ ಅಳತೆ: 1, 2, 3. ಅದರಿಂದ ಟ್ರಾನ್ಸ್‌ಮಿಟೆನ್ಸ್, ಅಂದರೆ ದ್ರಾವಣ ದಾಟಿ ಬರುವ ಬೆಳಕಿನ ಪಾಲು 0.1, 0.01, 0.001. ಈಗ ಶೇ. 1ರಷ್ಟು ಸ್ಟ್ರೇ ಲೈಟ್, ಅಂದರೆ ನಮಗೆ ಬೇಡದ ತರಂಗಾಂತರದ ಬೆಳಕು ಡಿಟೆಕ್ಟರಿಗೆ ಬೀಳುತ್ತಿದೆ ಎಂದುಕೊಳ್ಳಿ. ಪ್ರತಿ ಸಂಖ್ಯೆಗೂ 0.01 ಕೂಡಿಸಿ 1.01ರಿಂದ ಭಾಗಿಸಬೇಕು; ಹೋಲಿಕೆಗೆಂದು ಬರೀ ದ್ರಾವಕವನ್ನು, ಅಂದರೆ ಬ್ಲ್ಯಾಂಕ್ ಓದುವಾಗಲೂ ಆ ಬೆಳಕು ಇದ್ದೇ ಇರುತ್ತದಲ್ಲ. ಮತ್ತೆ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ 1 ಇದ್ದದ್ದು 0.96 ಆಗುತ್ತದೆ, 2 ಇದ್ದದ್ದು 1.70, 3 ಇದ್ದದ್ದು ಬರೀ 1.96. ದ್ರಾವಣ ಇನ್ನೆಷ್ಟು ಗಾಢವಾದರೂ ಓದು 2ರ ಹತ್ತಿರವೇ ನಿಂತುಬಿಡುತ್ತದೆ. ಒಳ್ಳೆಯ ಉಪಕರಣದಲ್ಲಿ ಸ್ಟ್ರೇ ಲೈಟ್ ಇದಕ್ಕಿಂತ ಬಹಳ ಕಡಿಮೆ. ಕಣ್ಣಿಗೆ ಕಾಣಲಿ ಎಂದು ಇಲ್ಲಿ ಹೆಚ್ಚಿಸಿಕೊಂಡಿದ್ದೇವೆ.

ಇದನ್ನು ಕಂಡವರು 525 ನ್ಯಾನೋಮೀಟರ್‌ನಲ್ಲಿ ಪರ್ಮಾಂಗನೇಟ್ ಓದುವಾಗ, ಸಾರತೆಗೆ ಎದುರಾಗಿ ಅಬ್ಸಾರ್ಬೆನ್ಸ್ ಗುರುತಿಸಿ ಎಳೆದ ಗೆರೆ ಬಾಗಿದರೆ ಗಾಬರಿಯಾಗುವುದಿಲ್ಲ. ದ್ರಾವಣವನ್ನು ತೆಳುಮಾಡಿ ಮತ್ತೆ ಓದುತ್ತಾರೆ. ರೆಕಾರ್ಡ್ ಬುಕ್ಕಿನಲ್ಲಿ ಬಿಂದುಗಳನ್ನು ಗೆರೆಯ ಮೇಲೆ ತಂದು ಕೂರಿಸುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಮಿಶ್ರಣವನ್ನು ದ್ರಾವಕದ ಜೊತೆ ಕಾಲಮ್ ಎಂಬ ಕೊಳವೆಯಲ್ಲಿ ಹರಿಸಿ ಅದರ ಘಟಕಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿಯಲ್ಲಿ ಲಾಭ ಬೇರೆ ಬಗೆಯದು. ದ್ರಾವಕದಲ್ಲಿ ಬೆರೆಸುವ ಅಸೆಟೋನೈಟ್ರೈಲ್ ಪ್ರಮಾಣ ಬದಲಿಸಿದಾಗಲೆಲ್ಲ ಕಾಲಮ್ ಹೊಸ ದ್ರಾವಕಕ್ಕೆ ಹೊಂದಿಕೊಳ್ಳುವವರೆಗೆ ಕಾಯಬೇಕು, ದ್ರಾವಕಕ್ಕೂ ದುಡ್ಡು. ಪರದೆಯ ಮೇಲೆ ಹತ್ತು ಬಗೆಯ ದ್ರಾವಕ ಮಿಶ್ರಣವನ್ನು ಒಂದೇ ತರಗತಿಯಲ್ಲಿ ನೋಡಿ ಮುಗಿಸಬಹುದು.

ಕೈಗೆ ಬರಬೇಕಾದ ವಿದ್ಯೆಯೇ ಬೇರೆ. ಕ್ಯೂವೆಟ್ಟನ್ನು ಮಸುಕಾದ ಬದಿಗಳಲ್ಲೇ ಹಿಡಿಯುವುದು, ಹೊರಗಿನ ಹನಿ ಒರೆಸುವುದು, ಒಳಗೆ ಅಂಟಿದ ಗುಳ್ಳೆಯನ್ನು ಬೆರಳಿನಿಂದ ತಟ್ಟಿ ಎಬ್ಬಿಸುವುದು ಮೌಸ್ ಹಿಡಿದು ಬರುವುದಿಲ್ಲ. ಉಪಕರಣ ಕೊಳ್ಳದೆ ಸಿಮ್ಯುಲೇಶನ್ನನ್ನೇ ಪ್ರಾಕ್ಟಿಕಲ್ ಅವಧಿಯ ಲೆಕ್ಕಕ್ಕೆ ಸೇರಿಸುವ ಕಾಲೇಜುಗಳು ಮಕ್ಕಳಿಗೆ ಅನ್ಯಾಯ ಮಾಡುತ್ತಿವೆ.

ನಾನು ಪಾಲಿಸುವ ಕ್ರಮ ಇಷ್ಟೇ: ಪ್ರಾಕ್ಟಿಕಲ್‌ಗೆ ಒಂದು ವಾರ ಮೊದಲು ಸಿಮ್ಯುಲೇಶನ್. ಗೆರೆ ಯಾವ ಸಾರತೆಯಲ್ಲಿ ಬಾಗೀತು ಎಂದು ಪ್ರತಿಯೊಬ್ಬರೂ ಊಹಿಸಿ ಬರೆದು ಕೊಡಬೇಕು. ಲ್ಯಾಬಿನಲ್ಲಿ ಬಂದ ಅಂಕಿಗಳನ್ನು ಅದೇ ಹಾಳೆಯ ಪಕ್ಕದಲ್ಲಿ ಬರೆಯುತ್ತಾರೆ. ಊಹೆ ತಪ್ಪಿದರೆ ಅಂಕ ಕಡಿಮೆಯಾಗುವುದಿಲ್ಲ. ವ್ಯತ್ಯಾಸಕ್ಕೆ ಕಾರಣ ಬರೆಯದಿದ್ದರೆ ಕಡಿಮೆಯಾಗುತ್ತದೆ.