ಸೇಂತ್ ಎಮಿಲಿಯನ್ ವೈನ್ ಪಟ್ಟಿ: ಹತ್ತು ವರ್ಷಕ್ಕೊಮ್ಮೆ ಏಳುವ ಜಗಳ

ಫ್ರಾನ್ಸಿನ ಬೋರ್ಡೊ ಸೀಮೆಯ ಸೇಂತ್ ಎಮಿಲಿಯನ್‌ನಲ್ಲಿ ಅತಿ ಹೆಸರುವಾಸಿಯಾದ ಮೂರು ದ್ರಾಕ್ಷಿತೋಟಗಳು ಇಂದು ಅಲ್ಲಿನ ಅಧಿಕೃತ ಶ್ರೇಣಿಪಟ್ಟಿಯಲ್ಲೇ ಇಲ್ಲ. ಶೆವಾಲ್ ಬ್ಲಾಂ ಮತ್ತು ಓಜೋನ್ 2021ರಲ್ಲಿ, ಆಂಜೆಲುಸ್ 2022ರ ಜನವರಿಯಲ್ಲಿ ತಾವಾಗಿಯೇ ಹೊರನಡೆದವು.

1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ಬೋರ್ಡೊದ ದಲ್ಲಾಳಿಗಳು ಕೆಂಪು ವೈನಿನ ತೋಟಗಳನ್ನು ಐದು ದರ್ಜೆಗಳಲ್ಲಿ ಜೋಡಿಸಿದ್ದರು. ಅವರು ನೋಡಿದ್ದು ವರ್ಷಾನುಗಟ್ಟಲೆ ಸಿಕ್ಕ ಬೆಲೆಯನ್ನು. ನದಿಯ ಎಡದಂಡೆಯ ಮೆಡಾಕ್ ಪ್ರದೇಶದ ತೋಟಗಳೇ ಪಟ್ಟಿ ತುಂಬಿದವು, ಹೊರಗಿನಿಂದ ಸೇರಿದ್ದು ಓ ಬ್ರಿಯಾಂ ಒಂದೇ. ಬಲದಂಡೆಯ ಸೇಂತ್ ಎಮಿಲಿಯನ್‌ಗೆ ಜಾಗವಿರಲಿಲ್ಲ. 1973ರಲ್ಲಿ ಮೂತೋನ್ ರೋಥ್‌ಶೀಲ್ಡ್ ಮೊದಲ ದರ್ಜೆಗೇರಿದ್ದು ಬಿಟ್ಟರೆ ಆ ಪಟ್ಟಿ ಹೆಚ್ಚುಕಡಿಮೆ ಹಾಗೇ ಉಳಿದಿದೆ.

ಸೇಂತ್ ಎಮಿಲಿಯನ್ 1955ರಲ್ಲಿ ತನ್ನದೇ ಪಟ್ಟಿ ಮಾಡಿಕೊಂಡಿತು. ಸುಮಾರು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ, ಕೆಲಸ ಕೆಟ್ಟರೆ ಹಿಂಬಡ್ತಿ. ಮೆಡಾಕ್‌ಗಿಂತ ಇದು ನ್ಯಾಯವಾದ ಏರ್ಪಾಡು. ಆದರೆ ದರ್ಜೆ ಹೋದರೆ ಬಾಟಲಿಯ ಬೆಲೆಯ ಜೊತೆ ಜಮೀನಿನ ಬೆಲೆಯೂ ಕುಸಿಯುತ್ತದೆ. 1986ರಲ್ಲಿ ಬೋ ಸೆಜೂರ್ ಬೆಕೊ ತೋಟ ಕೆಳಗಿಳಿದದ್ದು ವೈನ್ ಕೆಟ್ಟಿತೆಂದಲ್ಲ, ಮೇಲ್ದರ್ಜೆಯಲ್ಲದ ನೆಲವನ್ನು ಸೇರಿಸಿಕೊಂಡಿತೆಂದು. ಕಳೆದುಕೊಂಡ ಸ್ಥಾನ ಮರಳಿದ್ದು 1996ರಲ್ಲಿ.

ನಿಜವಾದ ಗೋಜಲು ಶುರುವಾದದ್ದು 2006ರಲ್ಲಿ. ಕೆಳಗಿಳಿದವರಲ್ಲಿ ನಾಲ್ವರು ಕೋರ್ಟಿಗೆ ಹೋದರು. ಪರಿಶೀಲನೆಯಲ್ಲಿ ಎಲ್ಲ ಅರ್ಜಿದಾರರನ್ನೂ ಸಮಾನವಾಗಿ ಕಂಡಿಲ್ಲ ಎಂದು 2008ರಲ್ಲಿ ನ್ಯಾಯಾಲಯ ಪಟ್ಟಿಯನ್ನೇ ರದ್ದು ಮಾಡಿತು. ಆಗ ಬಡ್ತಿ ಪಡೆದಿದ್ದವರು ಅತಂತ್ರರಾದರು. ಕೊನೆಗೆ 2009ರಲ್ಲಿ ಕಾನೂನು ತಂದು, 1996ರ ಪಟ್ಟಿಗೆ 2006ರಲ್ಲಿ ಮೇಲೇರಿದವರನ್ನು ಸೇರಿಸಿ ತೇಪೆ ಹಾಕಲಾಯಿತು.

2012ಕ್ಕೆ ನಿಯಮಗಳನ್ನು ಹೊಸದಾಗಿ ಬರೆದರು. ತೀರ್ಮಾನಿಸುವ ಸಮಿತಿಯವರು ಬೋರ್ಡೊದ ಹೊರಗಿನವರು. ಪಟ್ಟಿಯ ಕೆಳದರ್ಜೆಯಾದ 'ಗ್ರಾಂ ಕ್ರು ಕ್ಲಾಸೆ'ಗೆ ಹತ್ತು ಕೊಯ್ಲುಗಳ ವೈನ್ ಪರೀಕ್ಷೆ, 20ಕ್ಕೆ ಕನಿಷ್ಠ 14 ಅಂಕ. ಅದರ ಮೇಲಿನ 'ಪ್ರೀಮಿಯೇ'ಗೆ ಹದಿನೈದು ಕೊಯ್ಲುಗಳ ವೈನ್, ಕನಿಷ್ಠ 16 ಅಂಕ. ತೊಡಕು ಇದ್ದದ್ದು ಅಂಕ ಹಂಚಿಕೆಯಲ್ಲಿ. ಕೆಳದರ್ಜೆಯಲ್ಲಿ ರುಚಿಗೆ ಶೇ. 50, ಮೇಲ್ದರ್ಜೆಯಲ್ಲಿ ಬರೀ ಶೇ. 30, ಖ್ಯಾತಿಗೆ ಶೇ. 35, ಮಣ್ಣು-ನೆಲಕ್ಕೆ ಶೇ. 30, ಉಳಿದದ್ದು ಕೃಷಿ ಮತ್ತು ತಯಾರಿಕೆಗೆ. ಎಲ್ಲಿ ವೈನೇ ಮಾತಾಡಬೇಕೋ ಅಲ್ಲಿ ಹೆಸರಿಗೆ ಹೆಚ್ಚು ಅಂಕ! ಮತ್ತೆ ಮೂರು ತೋಟಗಳು ಮೊಕದ್ದಮೆ ಹೂಡಿದವು. ಮುಂದಿನ ಸುತ್ತಿನಲ್ಲಿ ಪ್ರಚಾರ, ಸಾಮಾಜಿಕ ಜಾಲತಾಣ, ಪ್ರವಾಸಿ ಸೌಕರ್ಯಗಳಿಗೆ ಸಿಕ್ಕ ತೂಕ ಒಪ್ಪಲಾಗದೆ ಶೆವಾಲ್ ಬ್ಲಾಂ, ಓಜೋನ್ ಹಿಂದೆ ಸರಿದವು. ವ್ಯಾಜ್ಯಗಳಿಗೆ ಬೇಸತ್ತು ಆಂಜೆಲುಸ್ ಕೂಡ.

2022ರ ಪಟ್ಟಿಯಲ್ಲಿ 85 ತೋಟಗಳಿವೆ: 71 ಗ್ರಾಂ ಕ್ರು ಕ್ಲಾಸೆ, 14 ಪ್ರೀಮಿಯೇ. ಪ್ರೀಮಿಯೇ ಒಳಗಿನ ತುತ್ತತುದಿಯ 'ಎ' ದರ್ಜೆಯಲ್ಲಿ ಪಾವಿ ಮತ್ತು ಹೊಸದಾಗಿ ಏರಿದ ಫಿಜ್ಯಾಕ್ ಎರಡೇ.

ಕೊಳ್ಳುವವರು ಎಡವುವುದು ಲೇಬಲ್ ಓದುವಾಗ. 'ಸೇಂತ್ ಎಮಿಲಿಯನ್ ಗ್ರಾಂ ಕ್ರು' ಎಂದಷ್ಟೇ ಇದ್ದರೆ ಅದು ಈ ಪಟ್ಟಿಯ ದರ್ಜೆಯಲ್ಲ. ಇಳುವರಿ ಮಿತಿ ಮತ್ತು ಮಾಗಿಸುವ ಅವಧಿಯ ನಿಯಮ ಪಾಲಿಸಿದ ನೂರಾರು ತೋಟಗಳು ಹಾಗೆ ಬರೆಯಬಹುದು. 'ಕ್ಲಾಸೆ' ಎಂಬ ಪದ ಇದೆಯೇ ನೋಡಿ. ಜೊತೆಗೆ ಬೆಳೆಯ ವರ್ಷವನ್ನೂ ನೋಡಿ: 2021ರ ಕೊಯ್ಲಿನವರೆಗೆ 2012ರ ಪಟ್ಟಿ, 2022ರ ಕೊಯ್ಲಿನಿಂದ ಹೊಸದು. ಆದ್ದರಿಂದ ಶೆವಾಲ್ ಬ್ಲಾಂನ 2015ರ ಬಾಟಲಿಗೆ 'ಎ' ದರ್ಜೆಯಿದೆ, ಅದೇ ತೋಟದ 2022ರ ಬಾಟಲಿಗೆ ಯಾವ ದರ್ಜೆಯೂ ಇಲ್ಲ.