ಟ್ರಂಕಿನಲ್ಲಿಟ್ಟ ಫಾರ್ಮಿನಿಂದ ಗಾಡಿ ನಿಮ್ಮದಾಗುವುದಿಲ್ಲ

"ಗಾಡಿ ಸಿಕ್ಕೈತ್ರಿ ಸಾಹೇಬ್ರ. ಆದ್ರ ಕೊಡವಲ್ರು."

ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನನ್ನು ಹುಡುಕಿಕೊಂಡು ಬರುವ ನಮ್ಮ ಕಡೆಯ ಹುಡುಗರು ಮಾತು ಶುರು ಮಾಡುವುದೇ ಹೀಗೆ. ಇಂಡಿ, ಸಿಂದಗಿ, ಅಫಜಲಪುರ, ಆಳಂದದ ಕಡೆಯವರು. ಒಬ್ಬನಿಗೆ ಕಾತ್ರಜ್‌ನಲ್ಲಿ ಸೆಂಟ್ರಿಂಗ್ ಕೆಲಸ, ಇನ್ನೊಬ್ಬನಿಗೆ ಹಡಪಸರದಲ್ಲಿ ಟೈಲ್ಸ್ ಕೆಲಸ. ಕಳುವಾದ ಬೈಕ್ ಪೊಲೀಸರ ಕೈಗೆ ಸಿಗುವುದೇ ಪುಣ್ಯ. ಸಿಕ್ಕ ಮೇಲೂ ಇವರ ಮುಖ ಬಾಡಿರುತ್ತದೆ. ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಯಾರ ಹೆಸರಿನಲ್ಲಿದೆ?

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂಗಿಯ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ಹೊರಗೆ ಬರುತ್ತದೆ. ಅದರೊಳಗೆ ನಾಲ್ಕು ಮಡಿಕೆ ಮಾಡಿದ ಫಾರ್ಮ್ 29, ಫಾರ್ಮ್ 30. ಗಾಡಿಯನ್ನು ಕೊಂಡವನ ಹೆಸರಿಗೆ ಮಾಡಿಸಲು ಆರ್‌ಟಿಓಗೆ ಕೊಡುವ ಫಾರ್ಮುಗಳು; ಏಜೆಂಟರು ಟಿಟಿ ಫಾರ್ಮ್ ಅಂತಾರಲ್ಲ, ಅವೇ. ಮಡಿಕೆಯ ಜಾಗದಲ್ಲಿ ಕಾಗದ ಹರಿದಿರುತ್ತದೆ. ಕೆಳಗೆ ಹಳೇ ಮಾಲೀಕನ ಸಹಿ, ಶಾಯಿ ಹರಡಿದೆ. ತಾರೀಖಿನ ಜಾಗ ಖಾಲಿ. ಕೊಂಡವನ ಹೆಸರಿನ ಜಾಗವೂ ಖಾಲಿ. "ಸಹಿ ಮಾಡಿಸಿ ಇಟ್ಕೊಂಡೀನ್ರಿ, ಪೂರಾ ದುಡ್ಡು ಕೊಟ್ಟೀನ್ರಿ" ಅನ್ನುತ್ತಾರೆ. ದುಡ್ಡು ಕೊಟ್ಟಿದ್ದು ನಿಜ. ನನಗೆ ಒಂದಿಷ್ಟೂ ಅನುಮಾನ ಇಲ್ಲ. ಆದರೆ ಆ ಫಾರ್ಮ್ ಆರ್‌ಟಿಓ ಕಚೇರಿಗೆ ಹೋಗದೆ ಟ್ರಂಕಿನಲ್ಲೇ ಇದ್ದರೆ ಗಾಡಿ ಇನ್ನೂ ಹಳೇ ಮಾಲೀಕನದ್ದೇ. ನಾಲ್ಕು ವರ್ಷ ಇಟ್ಟರೂ ಅಷ್ಟೇ, ಹತ್ತು ವರ್ಷ ಇಟ್ಟರೂ ಅಷ್ಟೇ.

ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಬರೆದೇ ಬಿಡುತ್ತೇನೆ.

ಸಹಿ ಮಾಡಿದ ಫಾರ್ಮ್ ಅಂದರೆ ಅರ್ಜಿ. ಅರ್ಜಿ ಕೊಟ್ಟರೆ ತಾನೇ ಕೆಲಸ ಆಗೋದು? ರೇಷನ್ ಕಾರ್ಡಿನ ಅರ್ಜಿ ತುಂಬಿ ಮನೆಯಲ್ಲಿಟ್ಟುಕೊಂಡರೆ ಅಕ್ಕಿ ಬರುತ್ತದಾ? ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಮಾಲೀಕ ಅಂದರೆ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವನು. ಅದೇ ಕಾಯ್ದೆಯ 50ನೇ ಕಲಮು ಗಡುವನ್ನೂ ಹೇಳಿದೆ. ಮಾರಿದವನು ಅದೇ ರಾಜ್ಯದೊಳಗೆ ಮಾರಿದ್ದರೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಕೊಂಡವನು 30 ದಿನದಲ್ಲಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋಟರಿ ಮಾಡಿಸಿದ ಬಾಂಡ್ ಪೇಪರ್ ಇದೆ ಅಂತ ಕೆಲವರು ತೋರಿಸುತ್ತಾರೆ. ಅದು ನೀವು ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ ಆದೀತು, ಕೋರ್ಟಿನಲ್ಲಿ ಸ್ವಲ್ಪ ಉಪಯೋಗಕ್ಕೂ ಬಂದೀತು. ಆರ್‌ಸಿಯ ಕೆಲಸವನ್ನು ಮಾತ್ರ ಅದು ಮಾಡುವುದಿಲ್ಲ.

ಗಾಡಿ ಮನೆಮುಂದೆ ಇರುವವರೆಗೆ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಪೆಟ್ರೋಲ್ ಬಂಕಿನವನು ಆರ್‌ಸಿ ಕೇಳಲ್ಲ. ಕಳುವಾದ ದಿನ ಎಲ್ಲರೂ ಕೇಳುತ್ತಾರೆ.

ಮೊದಲು ಕೇಳುವುದು ಪೊಲೀಸ್ ಠಾಣೆಯಲ್ಲಿ. ಇಲ್ಲಿ ನಮ್ಮ ಹುಡುಗರು ಹೆದರಿ ಇನ್ನೊಂದು ತಪ್ಪು ಮಾಡುತ್ತಾರೆ. ಹೆಸರು ತನ್ನದಲ್ಲವಲ್ಲ ಅಂತ ದೂರನ್ನೇ ಕೊಡುವುದಿಲ್ಲ. ಇಲ್ಲವೇ ಊರಿನಿಂದ ಹಳೇ ಮಾಲೀಕನನ್ನು ಕರೆಸಿ, "ನಾನೇ ಪುಣೆಗೆ ಬಂದಿದ್ದೆ, ನನ್ನ ಗಾಡಿ ಕಳುವಾಯಿತು" ಅಂತ ಹೇಳಿಸುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಮುಂದೆ ಸಾಕ್ಷಿ ಹೇಳುವಾಗ ಆ ಸುಳ್ಳು ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ. ಕಳವು ಅಂದರೆ ಒಬ್ಬರ ಸ್ವಾಧೀನದಲ್ಲಿದ್ದ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಒಯ್ಯುವುದು. ಮೊದಲಿನ ಐಪಿಸಿ 379 ಈಗ ಭಾರತೀಯ ನ್ಯಾಯ ಸಂಹಿತೆಯ 303(2). ಗಾಡಿ ನಿಮ್ಮ ಸ್ವಾಧೀನದಲ್ಲಿತ್ತು, ನೀವು ನಿಲ್ಲಿಸಿದ ಜಾಗದಿಂದ ಹೋಯಿತು. ಅಷ್ಟು ಸಾಕು, ನೀವೇ ದೂರು ಕೊಡಬಹುದು. ಆರ್‌ಸಿ ಇಂಥವರ ಹೆಸರಿನಲ್ಲಿದೆ, ಇಂಥ ವರ್ಷ ಕೊಂಡಿದ್ದೇನೆ, ವರ್ಗಾವಣೆ ಮಾಡಿಸಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಬರೆಸಿ.

ಹೋಗುವ ಮೊದಲು ಟ್ರಾಫಿಕ್ ಪೊಲೀಸರು ಎತ್ತಿಕೊಂಡು ಹೋಗಿದ್ದಾರಾ ನೋಡಿ. ಪುಣೆಯಲ್ಲಿ ಟೋಯಿಂಗ್ ಗಾಡಿ ಬರುವುದು ಗೊತ್ತಾಗುವುದೇ ಇಲ್ಲ. ಅಲ್ಲಿ ಇಲ್ಲ ಅಂದರೆ ಅವತ್ತೇ ಠಾಣೆಗೆ. ಇನ್ನೂ ಒಂದು ವಿಷಯ. ಆನ್‌ಲೈನಿನಲ್ಲಿ 'ಲಾಸ್ಟ್ ಅಂಡ್ ಫೌಂಡ್' ಅಂತ ತುಂಬಿ ಬಂದ ರಸೀದಿ ಎಫ್‌ಐಆರ್ ಅಲ್ಲ. ಅದು ಎಲ್ಲೋ ಬಿದ್ದುಹೋದ ಮೊಬೈಲಿಗೆ, ಮಾರ್ಕ್ಸ್ ಕಾರ್ಡಿಗೆ. ಕಳುವಾದ ಗಾಡಿಗೆ ಎಫ್‌ಐಆರ್ ಬೇಕು. ಅದರ ನಕಲನ್ನು ದೂರುದಾರನಿಗೆ ಪುಕ್ಕಟೆ ಕೊಡಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 173ರಲ್ಲಿದೆ. ಕೇಳಿ ಪಡೆಯಿರಿ. ಚಾಸಿ ನಂಬರು, ಎಂಜಿನ್ ನಂಬರು ಸರಿಯಾಗಿ ಬಿದ್ದಿದೆಯಾ ಅಂತ ಅಲ್ಲೇ ನಿಂತು ಓದಿ. ಕಳ್ಳ ನಂಬರ್ ಪ್ಲೇಟನ್ನು ಮೊದಲ ದಿನವೇ ಬಿಚ್ಚಿ ಎಸೆಯುತ್ತಾನೆ. ಗಾಡಿ ಸಿಕ್ಕಾಗ ಗುರುತು ಹಿಡಿಯುವುದು ಹ್ಯಾಂಡಲ್ ಕೆಳಗೆ ಕೊರೆದ ಆ 17 ಅಕ್ಷರದಿಂದ. ಒಂದು ಅಂಕಿ ಆಚೀಚೆ ಆದರೂ ನಿಮ್ಮ ಗಾಡಿ ಬೇರೆ ಯಾರದ್ದೋ ಆಗಿ ಅಂಗಳದಲ್ಲಿ ನಿಂತಿರುತ್ತದೆ.

ಈಗ ಗಾಡಿ ಸಿಕ್ಕಿತು ಅಂತಿಟ್ಟುಕೊಳ್ಳಿ. ನಾನು ನೋಡಿದ ಕೇಸುಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಪುಣೆಯಿಂದ ದೂರದ ಹಳ್ಳಿಗಳಲ್ಲಿ. "ಪೇಪರ್ ಆಮೇಲೆ ಕೊಡ್ತೀನಿ" ಅಂದ ಕಳ್ಳನಿಗೆ ಹತ್ತೋ ಹದಿನೈದೋ ಸಾವಿರ ಕೊಟ್ಟು ಯಾರೋ ಕೊಂಡಿರುತ್ತಾರೆ. ಆ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನೀವು ನಿಮ್ಮ ಗಾಡಿ ಕೊಂಡಾಗಲೂ ಎದುರಿನವರು ಅದನ್ನೇ ಹೇಳಿದ್ದರು. ನಿಮಗೆ ಮಾರಿದವರು ಒಳ್ಳೆಯವರು, ಅಷ್ಟೇ ವ್ಯತ್ಯಾಸ. ಕಳ್ಳಮಾಲು ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಇಟ್ಟುಕೊಂಡರೆ ನ್ಯಾಯ ಸಂಹಿತೆಯ 317(2)ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಪೇಪರ್ ಇಲ್ಲದ ಗಾಡಿ ಕೊಳ್ಳುವವರು ಇದನ್ನೂ ತಲೆಯಲ್ಲಿಟ್ಟುಕೊಳ್ಳಬೇಕು.

ಸಿಕ್ಕ ಗಾಡಿ ಪೊಲೀಸರ ಭಾಷೆಯಲ್ಲಿ ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ಮಾಲು. ಅದನ್ನು ಅವರು ಸುಮ್ನೆ ಕೀಲಿ ಕೊಟ್ಟು ಕಳಿಸುವ ಹಾಗಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬೇಕು. ಮೊದಲು ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 451, 457 ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 497, 503. ಕೋರ್ಟು ತನಿಖಾಧಿಕಾರಿಯ 'ಸೇ' ಕೇಳುತ್ತದೆ, ಅಂದರೆ ಅವರ ಹೇಳಿಕೆ. ಸರ್ಕಾರಿ ವಕೀಲರ 'ಸೇ' ಕೂಡ ಬರುತ್ತದೆ. ಅಡ್ಡಿ ಇಲ್ಲ ಅಂದರೆ ಪಂಚನಾಮೆ, ಫೋಟೋ, ಬಾಂಡು ಆಗಿ ಗಾಡಿ ಸುಪರ್ದನಾಮೆಯ ಮೇಲೆ, ಅಂದರೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ ಅಂತ ಬರೆದುಕೊಟ್ಟ ಮೇಲೆ, ನಿಮ್ಮ ಕೈಗೆ ಬರುತ್ತದೆ. ಕೇಸ್ ಮುಗಿಯುವವರೆಗೆ ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ಕೋರ್ಟಿಗೆ ತರಬೇಕು. ಸಾಮಾನ್ಯವಾಗಿ ಷರತ್ತು ಇಷ್ಟೇ.

ಗುಜರಾತಿನ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ಜಪ್ತಿಯಾದ ಗಾಡಿಗಳನ್ನು ಠಾಣೆಯಲ್ಲಿ ಬಹಳ ದಿನ ಇಟ್ಟುಕೊಂಡು ಉಪಯೋಗವಿಲ್ಲ. ಜಪ್ತಿಯಾದ ವಸ್ತುಗಳು ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಅಲ್ಲಿ ಇರಬಾರದು ಅನ್ನುವ ಮಾತೂ ಆ ತೀರ್ಪಿನಲ್ಲಿದೆ. ಆದರೆ ಅರ್ಜಿ ಹಾಕುವವನು ಬೇಕಲ್ಲ. ಯಾವುದೇ ಠಾಣೆಯ ಹಿಂದಿನ ಅಂಗಳ ನೋಡಿ. ಬೈಕುಗಳು ಒಂದಕ್ಕೊಂದು ಒರಗಿ ನಿಂತಿವೆ. ಟ್ಯಾಂಕಿನ ಮೇಲೆ ಬಿಳಿ ಬಣ್ಣದಲ್ಲಿ ಗುನ್ಹೆ ನಂಬರು. ಸೀಟು ಹರಿದು ಒಳಗಿನ ಸ್ಪಂಜಿನಲ್ಲಿ ಮಳೆನೀರು. ಚಕ್ರದ ಕಡ್ಡಿಗಳ ನಡುವೆ ಬಳ್ಳಿ ಹಬ್ಬಿದೆ. ಒಂದೊಂದೂ ಯಾರೋ ಬಡ್ಡಿಗೆ ಸಾಲ ಮಾಡಿ ಕೊಂಡದ್ದು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಯ್ದೆಯಲ್ಲಿ ಇರುವ ಮಾತು "ಸ್ವಾಧೀನಕ್ಕೆ ಹಕ್ಕುಳ್ಳವನು" ಅಂತ. ನೋಂದಾಯಿತ ಮಾಲೀಕನಿಗೇ ಕೊಡಿ ಅಂತ ಅಲ್ಲಿ ಬರೆದಿಲ್ಲ. ಹಾಗಾಗಿ ಹಳೇ ಮಾಲೀಕ ಬಂದು, ಹೌದು ಇವನಿಗೆ ಮಾರಿದ್ದೇನೆ, ನನ್ನ ತಕರಾರಿಲ್ಲ ಅಂತ ಅಫಿಡವಿಟ್ ಕೊಟ್ಟರೆ ಕೊಂಡವನಿಗೇ ಗಾಡಿ ಸಿಕ್ಕ ಕೇಸುಗಳಿವೆ. ನಾನೇ ಬಿಡಿಸಿಕೊಟ್ಟಿದ್ದೇನೆ. ಆದರೆ ಖಂಡಿತ ಸಿಗುತ್ತದೆ ಅಂತ ಯಾವ ವಕೀಲನೂ ಭರವಸೆ ಕೊಡಬಾರದು. ಅದು ಆಯಾ ಕೇಸು, ಆಯಾ ನ್ಯಾಯಾಧೀಶರ ವಿವೇಚನೆ. ಆರ್‌ಸಿಯಲ್ಲಿ ನಿಮ್ಮ ಹೆಸರಿದ್ದರೆ ಈ ಅನುಮಾನಕ್ಕೇ ಜಾಗ ಇರುವುದಿಲ್ಲ.

ಹಳೇ ಮಾಲೀಕ ಬರುವ ಸ್ಥಿತಿಯಲ್ಲೇ ಇಲ್ಲದಿದ್ದರೆ? ಸಿಂದಗಿ ತಾಲೂಕಿನ ಒಬ್ಬ ಹುಡುಗನ ಕೇಸು ಹಾಗಿತ್ತು. ಕೆಎ 28ರ ಸ್ಪ್ಲೆಂಡರ್. ಊರಿನಲ್ಲೇ ದೂರದ ಸಂಬಂಧಿಯಿಂದ ಕೊಂಡದ್ದು. ಅವನು ಅವರನ್ನು ಕಾಕಾ ಅನ್ನುತ್ತಿದ್ದ. ಕಾಕಾ ಫಾರ್ಮಿಗೆ ಸಹಿ ಹಾಕಿ ಕೊಟ್ಟರು. ಎರಡು ವರ್ಷದ ಮೇಲೆ ತೀರಿಕೊಂಡರು. ಅದಾಗಿ ಒಂದೂವರೆ ವರ್ಷಕ್ಕೆ ಕಾತ್ರಜ್‌ನ ಬಾಡಿಗೆ ಖೋಲಿಯ ಮುಂದಿನಿಂದ ಗಾಡಿ ಹೋಯಿತು. ಐದು ತಿಂಗಳಿಗೆ ಸಿಕ್ಕಿತು. ಸತ್ತವರ ಸಹಿಯಿರುವ ಫಾರ್ಮಿಗೆ ಈಗಿನ ತಾರೀಖು ಹಾಕಿ ಕೊಟ್ಟುಬಿಡೋಣ ಅಂತ ಯಾರೋ ಏಜೆಂಟ ಅವನಿಗೆ ಬುದ್ಧಿ ಹೇಳಿದ್ದ. ಅದು ಖೊಟ್ಟಿ ದಾಖಲೆ ಆಗುತ್ತದೆ, ಜೈಲಿಗೆ ಹೋಗುತ್ತೀಯ ಅಂತ ನಾನು ಜೋರು ಮಾಡಿದೆ. ಅವನು ಹೆದರಿ ಅತ್ತುಬಿಟ್ಟ. ಅವತ್ತು ಅಷ್ಟು ಜೋರು ಮಾಡಬಾರದಿತ್ತು. ಪಾಪ, ತನ್ನದೇ ಗಾಡಿ ಬಿಡಿಸಿಕೊಳ್ಳಲು ಬಂದವನು ಅವನು.

ವಿಮೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವನೂ ಅದನ್ನೇ ಕೇಳಿದ್ದ. "ಐದು ವರ್ಷದ ಇನ್ಶೂರೆನ್ಸ್ ಐತಲ್ರಿ?" 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಕಳವಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಕಳವಿಗೆ ದುಡ್ಡು ಬರಬೇಕಾದರೆ ಓನ್ ಡ್ಯಾಮೇಜ್ ಪಾಲಿಸಿ, ಅಂದರೆ ನಿಮ್ಮ ಗಾಡಿಯ ನಷ್ಟಕ್ಕೇ ಇರುವ ವಿಮೆ, ಚಾಲ್ತಿಯಲ್ಲಿರಬೇಕು. ಮೇಲಾಗಿ ಅದು ನಿಮ್ಮ ಹೆಸರಿಗೆ ಬಂದಿರಬೇಕು. ಗಾಡಿ ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು. ಹಳೇ ಮಾಲೀಕನ ಹೆಸರಿನ ಪಾಲಿಸಿಯ ಮೇಲೆ ನೀವು ಕ್ಲೇಮ್ ಹಾಕಿದರೆ ತಿರಸ್ಕಾರವಾಗುವುದೇ ಹೆಚ್ಚು. ಹೆಸರು ಸರಿಯಿದ್ದವರಿಗೆ ಒಂದು ಮಾತು: ಎರಡೂ ಕೀಲಿ ಕೇಳುತ್ತಾರೆ, ಜೋಪಾನ. ಗಾಡಿ ಪತ್ತೆಯಾಗಿಲ್ಲ ಅನ್ನುವ ಪೊಲೀಸ್ ವರದಿಯನ್ನೂ ಕೇಳುತ್ತಾರೆ, ಮಹಾರಾಷ್ಟ್ರದಲ್ಲಿ ಅದಕ್ಕೆ 'ಎ ಸಮರಿ' ಅಂತಾರೆ. ಎಫ್‌ಐಆರ್ ತಕ್ಷಣ ಆಗಿದ್ದು ಕಂಪನಿಗೆ ತಿಳಿಸುವುದು ಮಾತ್ರ ತಡವಾಗಿದ್ದರೆ, ಅದೊಂದೇ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ತಡ ಮಾಡಬೇಡಿ.

ಊರಿನಲ್ಲಿ ಗಾಡಿ ಮಾರಿ ಕೈತೊಳೆದುಕೊಂಡವರೂ ಇದನ್ನು ಓದುತ್ತಿರಬಹುದು. ನಿಮ್ಮ ಹೆಸರಿನಲ್ಲೇ ಇರುವ ಗಾಡಿ ನಾಳೆ ಪುಣೆಯಲ್ಲಿ ಯಾರಿಗೋ ಗುದ್ದಿದರೆ, ವಿಮೆಯೂ ಇಲ್ಲದಿದ್ದರೆ, ಪರಿಹಾರದ ನೋಟಿಸ್ ಬರುವುದು ನಿಮ್ಮ ಮನೆಗೆ. ನೋಂದಣಿಯಲ್ಲಿ ಹೆಸರಿದ್ದವನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನೀವಾಗಿಯೇ ಕೊಂಡವನ ಬೆನ್ನು ಹತ್ತಬೇಕು.

"ಕೆಎ ಗಾಡಿ ಎಂಎಚ್ ಮಾಡಿಸೋದು ದೊಡ್ಡ ಗೋಳು" ಅಂತ ಎಲ್ಲರೂ ಹೇಳುತ್ತಾರೆ. ಹಳೇ ಆರ್‌ಟಿಓದ ಎನ್‌ಓಸಿ (ಅಭ್ಯಂತರವಿಲ್ಲ ಅನ್ನುವ ಪತ್ರ), ಟ್ಯಾಕ್ಸು ಎಲ್ಲ ಇದೆ, ಗೋಳೇ ಸರಿ. ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಉಳಿದರೆ ಹೊಸ ನಂಬರು ಪಡೆಯಬೇಕು ಅನ್ನುವುದು ಕಾಯ್ದೆ, ಅದನ್ನು ಮರೆಮಾಚುವುದಿಲ್ಲ. ಆದರೆ ಹೆಸರು ಬದಲಿಸುವುದು ಬೇರೆ, ರಾಜ್ಯ ಬದಲಿಸುವುದು ಬೇರೆ. ಮಾರಿದವರೂ ವಿಜಯಪುರದವರು, ನಿಮ್ಮ ಆಧಾರ್ ವಿಳಾಸವೂ ವಿಜಯಪುರದ್ದು ಅಂತಾದರೆ ಮೊದಲು ಅಲ್ಲೇ ಹೆಸರು ಬದಲಿಸಿಕೊಳ್ಳಿ. ಜಾತ್ರೆಗೆ, ದೀಪಾವಳಿಗೆ ಹೋಗೇ ಹೋಗುತ್ತೀರಿ. ಒಂದು ದಿನ ಮೊದಲೇ ಹೋಗಿ, ಮಾರಿದವರನ್ನು ಕರೆದುಕೊಂಡು ಆರ್‌ಟಿಓ ಕಚೇರಿಗೆ ಹೋಗಿ. ಅವರು ಗಟ್ಟಿಮುಟ್ಟಾಗಿ ಇರುವಾಗಲೇ.

ಆ ಹುಡುಗನ ಕೇಸಿನಲ್ಲಿ ಕಾಕಾನ ಹೆಂಡತಿಯೇ ಬರಬೇಕಾಯಿತು. ನಾಡಕಚೇರಿಯಿಂದ ವಂಶವೃಕ್ಷ, ಮರಣ ಪ್ರಮಾಣಪತ್ರ ಎಲ್ಲ ಸೇರಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಇಬ್ಬರು ಮಕ್ಕಳ ಒಪ್ಪಿಗೆಯೂ ಬೇಕಾಯಿತು. ಆಯಿ ರಾತ್ರಿ ಬಸ್ಸಿಗೆ ಕೂತು ಬೆಳಗ್ಗೆ ಸ್ವಾರಗೇಟಿನಲ್ಲಿ ಇಳಿದರು. ಜೊತೆಗೆ ಬುತ್ತಿ ಕಟ್ಟಿಕೊಂಡು ಬಂದಿದ್ದರು, ನನಗೂ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ನ್ಯಾಯಾಧೀಶರು ಕೇಳಿದಾಗ ನಮ್ಮ ಕಡೆಯ ಭಾಷೆಯಲ್ಲೇ ಹೇಳಿದರು, "ಇವಗ ಕೊಟ್ಟೀವ್ರಿ, ಇವಂದ ಐತಿ." ನಾನು ಮರಾಠಿಯಲ್ಲಿ ತಿಳಿಸಿದೆ. ಆದೇಶ ಆಯಿತು.

ಠಾಣೆಯ ಅಂಗಳದಲ್ಲಿ ಹುಡುಗ ಗಾಡಿಯನ್ನು ಸಾಲಿನಿಂದ ಎಳೆದು ತೆಗೆದ. ಎರಡೂ ಟೈರಿನಲ್ಲಿ ಗಾಳಿ ಇಲ್ಲ, ಹ್ಯಾಂಡಲ್ ಲಾಕು ಮುರಿದಿತ್ತು. ಹೆಡ್‌ಲೈಟಿನ ಮೇಲೆ ಕಾಕಾ ಅಂಟಿಸಿದ್ದ ಸಿದ್ಧೇಶ್ವರನ ಸ್ಟಿಕ್ಕರು ಅರ್ಧ ಉಳಿದಿತ್ತು. ಆಯಿ ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದರು. "ಪಂಚರ್ ಹಾಕ್ಸೋ ತಮ್ಮ," ಅಂದರು, "ದೀಪಾವಳಿಗೆ ಊರಿಗೆ ತಗೊಂಡ್ ಬಾ. ಆಫೀಸಿಗೆ ನಾನೂ ಬರ್ತೀನಿ."